ಪತ್ರದಲ್ಲಿ ನೀವು ಯಾರು? ಆಸ್ತಿ ಪತ್ರದ ಪಾರ್ಟಿಗಳನ್ನು ಗುರುತಿಸುವ ಬಗೆ

ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ, ಜೆರಾಕ್ಸ್ ಅಂಗಡಿಯ ಮುಂದೆ ನಿಂತು ಜನ ಕ್ರಯಪತ್ರದ ಕರಡು ಓದುವುದನ್ನು ಗಮನಿಸಿದ್ದೀರಾ? ಮೊದಲು ತಮ್ಮ ಹೆಸರಿನ ಅಕ್ಷರ ಸರಿ ಇದೆಯಾ ನೋಡುತ್ತಾರೆ. ಆಮೇಲೆ ಮೊತ್ತ. ಆಮೇಲೆ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ. ಅಷ್ಟರಲ್ಲಿ ಒಳಗಿಂದ ಕರೆ ಬರುತ್ತದೆ, ಫೋಟೊ, ಹೆಬ್ಬೆಟ್ಟು, ಸೈನ್ ಎಲ್ಲಾ ಮುಗಿದುಹೋಗುತ್ತದೆ. ಹೆಸರಿನ ಜೊತೆಗೆ ಇರುವ ಪದವನ್ನು, ಅಂದರೆ ‘ಕ್ರಯಕ್ಕೆ ಕೊಡುವವರು’, ‘ಸಮ್ಮತಿ ಸಾಕ್ಷಿ’, ‘ಜಿಪಿಎ ಹೋಲ್ಡರ್’ (ಮಾಲೀಕರಿಂದ ಅಧಿಕಾರ ಪತ್ರ ಪಡೆದವರು) ಇಂಥದ್ದನ್ನು ಯಾರೂ ಜಾಸ್ತಿ ತಲೆಗೆ ಹಚ್ಚಿಕೊಳ್ಳುವುದಿಲ್ಲ.

ನಾವೂ ಹಚ್ಚಿಕೊಂಡಿರಲಿಲ್ಲ. ಅಪ್ಪ ಒಂದು ಸೈಟ್ ತಗೊಂಡಿದ್ದರು. ಮಾರಿದವರು ಅಣ್ಣತಮ್ಮ ಇಬ್ಬರು. ಸೈಟ್ ಅವರ ತಂದೆ ಸ್ವಂತ ದುಡಿದು ಕೊಂಡಿದ್ದು, ತಂದೆ ವಿಲ್ ಬರೆಯದೆ ತೀರಿಕೊಂಡಿದ್ದರು, ತಾಯಿ ಅದಕ್ಕೂ ಮುಂಚೆಯೇ ಇರಲಿಲ್ಲ. ಅವರಿಗೊಬ್ಬ ಅಕ್ಕ ಇದ್ದರು. ಆಕೆಯೂ ಅವತ್ತು ಬಂದು ಕೊನೆಯ ಪುಟದಲ್ಲಿ ‘ಸಮ್ಮತಿ ಸಾಕ್ಷಿ’ ಅಂತ ಸೈನ್ ಹಾಕಿ ಹೋದರು. ವರ್ಷಗಳಾದ ಮೇಲೆ ಮನೆ ಕಟ್ಟಲು ಸಾಲಕ್ಕೆ ಹೋದಾಗ ಬ್ಯಾಂಕಿನ ವಕೀಲರು ಆ ಪುಟಕ್ಕೆ ಪೆನ್ಸಿಲಿನಲ್ಲಿ ಒಂದು ಗುಂಡು ಹಾಕಿ ಕೇಳಿದ್ದು ಇಷ್ಟೇ: ‘ಈಕೆಗೆ ಮೂರನೇ ಒಂದು ಭಾಗ ಇತ್ತಲ್ಲ, ಅದನ್ನು ನಿಮಗೆ ಯಾರು ಮಾರಿದರು?’

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕಲಿತಿದ್ದನ್ನು ಇಲ್ಲಿ ಬರೆದಿದ್ದೇನೆ. ಪತ್ರದಲ್ಲಿ ಹೆಸರು ಇದ್ದರೆ ಸಾಲದು, ಆ ಹೆಸರು ಯಾವ ಜಾಗದಲ್ಲಿ ಕೂತಿದೆ ಅನ್ನುವುದು ಮುಖ್ಯ. ಪ್ರತಿ ಹೆಸರಿನ ಮೇಲೂ ಬೆರಳಿಟ್ಟು ಎರಡು ಪ್ರಶ್ನೆ ಕೇಳಿಕೊಳ್ಳಿ. ಇವರು ಏನು ಕೊಡುತ್ತಿದ್ದಾರೆ? ಏನು ಪಡೆಯುತ್ತಿದ್ದಾರೆ?

1. ತಲೆಬರಹ ಓದಿ, ಆದರೆ ನಂಬಬೇಡಿ

ಪಾರ್ಟಿಗಳ ಹೆಸರು ಪತ್ರದ ಜಾತಿಯ ಮೇಲೆ ಹೋಗುತ್ತದೆ. ಶುದ್ಧ ಕ್ರಯಪತ್ರವೋ, ಬರೀ ಕ್ರಯದ ಕರಾರೋ, ದಾನಪತ್ರವೋ, ವಿಭಾಗ ಪತ್ರವೋ, ಹಕ್ಕು ಬಿಡುಗಡೆ ಪತ್ರವೋ ಮೊದಲು ನೋಡಿ. ಹಾಗಂತ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೇ ಕೊನೆಯ ಮಾತಲ್ಲ. ತಕರಾರು ಬಂದರೆ ಕೋರ್ಟು ನೋಡುವುದು ಒಳಗಿನ ಒಕ್ಕಣೆಯನ್ನು. ‘ದಾನಪತ್ರ’ ಅಂತ ಹೆಸರಿಟ್ಟು ಒಳಗೆ ಹಣ ಕೊಟ್ಟ ವಿಷಯ ಬರೆದರೆ ಅದು ದಾನ ಆಗುವುದಿಲ್ಲ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ವರ್ಗಾವಣೆ ಅಂದರೆ ಬದುಕಿರುವವರು ಬದುಕಿರುವವರಿಗೆ ಕೊಡುವುದು. ಕಂಪನಿ, ಸಂಘ ಸಂಸ್ಥೆಗಳೂ ಅದರಲ್ಲಿ ಸೇರುತ್ತವೆ. ವಿಲ್ ಅದರಿಂದ ಹೊರಗೆ. ವಿಲ್ ಬರೆದವರು ಬದುಕಿರುವ ತನಕ ಅದರಲ್ಲಿ ಹೆಸರಿರುವವರಿಗೆ ಏನೂ ಬಂದಿರುವುದಿಲ್ಲ. ‘ಅಪ್ಪ ನನ್ನ ಹೆಸರಿಗೆ ವಿಲ್ ಬರೆದಿದ್ದಾರೆ, ಆದ್ದರಿಂದ ನಾನೇ ಮಾರುತ್ತೇನೆ’ ಅಂತ ಯಾರಾದರೂ ಬಂದರೆ, ಅಪ್ಪ ಇದ್ದಾರಾ ಅಂತ ಮೊದಲು ಕೇಳಿ.

2. ಬರೆದುಕೊಡುವವರು, ಬರೆಸಿಕೊಳ್ಳುವವರು

ಎಲ್ಲಾ ಪತ್ರಗಳ ಬುಡ ಈ ಜೋಡಿ. ಹಳೆಯ ಪತ್ರಗಳ ಮೊದಲ ಸಾಲು ನೆನಪಿಸಿಕೊಳ್ಳಿ:

‘ಸನ್ … ನೇ ಇಸವಿ … ಮಾಹೆ … ನೇ ತಾರೀಖಿನಲ್ಲಿ, … ಬಿನ್ …, ಸುಮಾರು 52 ವರ್ಷ, … ವಾಸಿ, ಆದ ನಾನು, … ಕೋಂ … ರವರಿಗೆ ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ’

ಎಲ್ಲಾ ಸುಳಿವೂ ಇದರಲ್ಲೇ ಇದೆ. ‘ಆದ ನಾನು’ ಅನ್ನುವವರು ಕೊಡುವವರು. ‘ರವರಿಗೆ’ ಅನ್ನಿಸಿಕೊಂಡವರು ಪಡೆಯುವವರು. ‘ಬಿನ್’ ಅಂದರೆ ಇಂಥವರ ಮಗ, ‘ಕೋಂ’ ಅಂದರೆ ಇಂಥವರ ಹೆಂಡತಿ, ‘ಉರುಫ್’ ಅಂದರೆ ಇನ್ನೊಂದು ಹೆಸರು. ಇಂಗ್ಲಿಷ್ ಪತ್ರವಾದರೆ ಬರೆದುಕೊಡುವವರು ಎಕ್ಸಿಕ್ಯುಟೆಂಟ್, ಬರೆಸಿಕೊಳ್ಳುವವರು ಕ್ಲೈಮೆಂಟ್. ಎಕ್ಸಿಕ್ಯೂಟರ್ ಅನ್ನುವ ಪದ ಬೇರೆ. ಅದು ವಿಲ್ಲಿನಲ್ಲಿ ಬರುವುದು, ಬರೆದವರು ತೀರಿಕೊಂಡ ಮೇಲೆ ಅದನ್ನು ಜಾರಿ ಮಾಡುವ ಜವಾಬ್ದಾರಿ ಹೊತ್ತವರು. ಓದಿದವರೇ ಈ ಎರಡನ್ನೂ ಕಲಸಿಬಿಡುತ್ತಾರೆ.

ಇಂಗ್ಲಿಷ್ ಪದಗಳಿಗೆ ಒಂದು ಸುಲಭ ಗುರುತು ಇದೆ. ‘ರ್’ ಅಂತ ಮುಗಿದರೆ ಕೊಡುವವರು, ‘ಇ’ ಅಂತ ಮುಗಿದರೆ ಪಡೆಯುವವರು. ವೆಂಡರ್, ವೆಂಡಿ. ಡೋನರ್, ಡೋನಿ. ಲೆಸ್ಸರ್, ಲೆಸ್ಸಿ. ಟ್ರಾನ್ಸ್‌ಫರರ್, ಟ್ರಾನ್ಸ್‌ಫರಿ. ಈ ಗುರುತು ಅಡಮಾನಕ್ಕೆ ಬಂದಾಗ ಮಾತ್ರ ಎಲ್ಲರಿಗೂ ಗೊಂದಲ. ಮಾರ್ಟ್‌ಗೇಜರ್ ಅಂದರೆ ಬ್ಯಾಂಕ್ ಅಂದುಕೊಳ್ಳುತ್ತಾರೆ, ಸಾಲ ಕೊಡುವುದು ಬ್ಯಾಂಕೇ ಅಲ್ವಾ ಅಂತ. ಆದರೆ ಪತ್ರ ಹೇಳುತ್ತಿರುವುದು ಸಾಲದ ಕಥೆಯಲ್ಲ, ಆಸ್ತಿಯ ಕಥೆ. ಆಸ್ತಿಯನ್ನು ಅಡವಿಗೆ ಕೊಟ್ಟವರು ನೀವು. ಆದ್ದರಿಂದ ಮಾರ್ಟ್‌ಗೇಜರ್ ನೀವು, ಬ್ಯಾಂಕ್ ಮಾರ್ಟ್‌ಗೇಜಿ.

‘ಗ್ರಾಂಟಿ’ ಅನ್ನುವ ಪದಕ್ಕೆ ನಮ್ಮಲ್ಲಿ ಇನ್ನೊಂದು ಭಾರ ಇದೆ. ಇಂಗ್ಲಿಷಿನಲ್ಲಿ ಅದು ಪಡೆಯುವವರು ಅಂತಷ್ಟೇ. ಕರ್ನಾಟಕದ ಕಂದಾಯ ದಾಖಲೆಗಳಲ್ಲಿ ಗ್ರಾಂಟಿ ಅಂದರೆ ಸರ್ಕಾರದಿಂದ ಜಮೀನು ಮಂಜೂರಾದವರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನಾದರೆ ಅಂಥ ಜಮೀನು ಕೈಬದಲಾಗುವುದನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಹಳೆಯ ಪತ್ರದಲ್ಲೋ ಪಹಣಿಯಲ್ಲೋ ಎಲ್ಲಾದರೂ ‘ಮಂಜೂರು’ ಅನ್ನುವ ಪದ ಕಂಡರೆ ಅಲ್ಲೇ ನಿಲ್ಲಿ. ಮಂಜೂರಾತಿ ಆದೇಶ ನೋಡದೆ ಅಡ್ವಾನ್ಸ್ ಕೊಡಬೇಡಿ.

3. ಪತ್ರಕ್ಕೆ ತಕ್ಕ ಜೋಡಿ

ಕ್ರಯಪತ್ರದಲ್ಲಿ ಕ್ರಯಕ್ಕೆ ಕೊಡುವವರು, ಕ್ರಯಕ್ಕೆ ತೆಗೆದುಕೊಳ್ಳುವವರು. ಮಾರಾಟಗಾರರು, ಖರೀದಿದಾರರು ಅಂದರೂ ಅದೇ. ‘ಒಂದನೇ ಪಾರ್ಟಿ’, ‘ಎರಡನೇ ಪಾರ್ಟಿ’ ಅಂತ ಬರೆಯುವವರೂ ಇದ್ದಾರೆ. ನನಗೆ ಅದು ಇಷ್ಟವಿಲ್ಲ. ಹತ್ತು ಪುಟ ಓದುವಷ್ಟರಲ್ಲಿ ಯಾರು ಒಂದು, ಯಾರು ಎರಡು ಅಂತ ಮರೆತುಹೋಗುತ್ತದೆ. ಬರೆಯುವವರೇ ಮರೆತು ಅದಲುಬದಲು ಮಾಡಿದ ಪತ್ರ ನೋಡಿದ್ದೇನೆ.

ಮಾರುವವರು ಅನ್ನುವ ಪದದ ಜೊತೆ ಜವಾಬ್ದಾರಿಯೂ ಬರುತ್ತದೆ. ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಆಸ್ತಿಯಲ್ಲಿ ಅಥವಾ ಹಕ್ಕಿನಲ್ಲಿ ತನಗೆ ಗೊತ್ತಿದ್ದು ಕೊಳ್ಳುವವರಿಗೆ ಸುಲಭವಾಗಿ ಗೊತ್ತಾಗದ ದೋಷವನ್ನು ಮಾರುವವರು ಹೇಳಬೇಕು. ಮಾರಾಟದ ದಿನದ ತನಕದ ಕಂದಾಯ ಅವರದ್ದು. ಎಲ್ಲಕ್ಕಿಂತ ದೊಡ್ಡದು, ‘ಈ ಹಕ್ಕು ನನಗಿದೆ, ಮಾರುವ ಅಧಿಕಾರವೂ ಇದೆ’ ಅಂತ ಮಾರುವವರು ಮಾತು ಕೊಟ್ಟ ಹಾಗೆ ಕಾನೂನು ಭಾವಿಸುತ್ತದೆ. ಪತ್ರದಲ್ಲಿ ಬರೆಯದಿದ್ದರೂ ಇದು ಇರುತ್ತದೆ. ಸಾಕ್ಷಿ ಹಾಕಿದವರ ಮೇಲೆ ಇಂಥ ಭಾರ ಏನೂ ಬೀಳುವುದಿಲ್ಲ. ನಮ್ಮ ಸೈಟಿನ ಅಕ್ಕ ಎಲ್ಲಿ ಕೂತಿದ್ದರು ಅನ್ನುವುದು ಯಾಕೆ ಮುಖ್ಯವಾಯಿತು ಅಂತ ಈಗ ಗೊತ್ತಾಗಿರಬೇಕು.

ಕ್ರಯದ ಕರಾರಿನಲ್ಲೂ ‘ಖರೀದಿದಾರರು’ ಅಂತಲೇ ಬರೆದಿರುತ್ತಾರೆ. ಆದರೆ ಅವರು ಇನ್ನೂ ಖರೀದಿಸಿಲ್ಲ. 54ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ: ಮಾರಾಟದ ಕರಾರು ತಾನಾಗಿ ಆಸ್ತಿಯಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. 100 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಣಿಯಾದ ಪತ್ರದಿಂದಲೇ ಆಗಬೇಕು. ಕರಾರು ಹಿಡಿದುಕೊಂಡವರಿಗೆ ‘ಕ್ರಯ ಮಾಡಿಕೊಡಿ’ ಅಂತ ಕೇಳುವ ಹಕ್ಕು ಇದೆ. ಅದಕ್ಕೆ ದಾವಾ ಹಾಕಲು ಮೂರು ವರ್ಷದ ಗಡುವು. ಕರಾರಿನಲ್ಲಿ ತಾರೀಖು ಗೊತ್ತುಮಾಡಿದ್ದರೆ ಆ ದಿನದಿಂದ ಲೆಕ್ಕ, ಇಲ್ಲದಿದ್ದರೆ ಎದುರಿನವರು ಆಗುವುದಿಲ್ಲ ಅಂದದ್ದು ಗೊತ್ತಾದ ದಿನದಿಂದ.

ದಾನಪತ್ರದಲ್ಲಿ ದಾನ ಕೊಡುವವರು ದಾನಿ, ಪಡೆಯುವವರು ದಾನ ಪಡೆದವರು, ಕೆಲವು ಪತ್ರಗಳಲ್ಲಿ ದಾನಗ್ರಹೀತ. ಇಲ್ಲಿ ಮೂರು ವಿಷಯ ನೋಡಬೇಕು. ಹಣದ ಮಾತೇ ಇರಬಾರದು. ಪಡೆಯುವವರು ‘ಸ್ವೀಕರಿಸಿದ್ದೇನೆ’ ಅನ್ನಬೇಕು, ಅದೂ ದಾನಿ ಬದುಕಿರುವಾಗಲೇ. ಸ್ವೀಕಾರಕ್ಕೆ ಮುಂಚೆ ಪಡೆಯುವವರು ತೀರಿಕೊಂಡರೆ ದಾನ ಬಿದ್ದುಹೋಗುತ್ತದೆ. ಮತ್ತೆ, ಸ್ಥಿರಾಸ್ತಿಯ ದಾನಕ್ಕೆ ನೋಂದಣಿಯ ಜೊತೆ ಕನಿಷ್ಠ ಇಬ್ಬರ ಸಾಕ್ಷಿ ಬೇಕೇ ಬೇಕು, 123ನೇ ಸೆಕ್ಷನ್. ಮುಸ್ಲಿಮರ ಹಿಬಾಕ್ಕೆ, ಅಂದರೆ ಅವರ ಕಾನೂನಿನ ದಾನಕ್ಕೆ, ಈ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಘೋಷಣೆ, ಸ್ವೀಕಾರ, ಸ್ವಾಧೀನ ಕೊಡುವುದು ಮುಖ್ಯ.

ವಯಸ್ಸಾದ ತಂದೆತಾಯಿ ಮಕ್ಕಳಿಗೆ ದಾನಪತ್ರ ಬರೆಯುವಾಗ ಒಂದು ಸಾಲನ್ನು ನಾನು ಯಾವಾಗಲೂ ಸೇರಿಸಲು ಹೇಳುತ್ತೇನೆ: ಪಡೆಯುವವರು ದಾನಿಯನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಅಂಥ ಷರತ್ತಿದ್ದು ಮಕ್ಕಳು ನೋಡಿಕೊಳ್ಳದಿದ್ದರೆ ದಾನವನ್ನು ರದ್ದು ಮಾಡಿಸಬಹುದು. ‘ನಮ್ಮ ಮಗನ ಮೇಲೆ ನಂಬಿಕೆ ಇಲ್ವಾ’ ಅಂತ ಮನೆಯಲ್ಲಿ ಮುನಿಸು ಆಗಬಹುದು. ಆಗಲಿ ಬಿಡಿ, ಸಾಲು ಇರಲಿ.

ಹಕ್ಕು ಬಿಡುಗಡೆ ಪತ್ರಕ್ಕೆ ಕೆಲವು ಕಡೆ ಖುಲಾಸೆ ಪತ್ರ ಅಂತಲೂ ಅನ್ನುತ್ತಾರೆ. ಬಿಟ್ಟುಕೊಡುವವರು, ಬಿಡುಗಡೆ ಪಡೆಯುವವರು. ಇದು ಪಾಲುದಾರರ ಒಳಗಿನ ವ್ಯವಹಾರ. ಅಕ್ಕ ತನ್ನ ಪಾಲನ್ನು ತಮ್ಮನಿಗೆ ಬಿಟ್ಟುಕೊಡಬಹುದು. ಪಾಲೇ ಇಲ್ಲದ ಹೊರಗಿನವರಿಗೆ ಕೊಡುವುದಾದರೆ ಅದಕ್ಕೆ ಕ್ರಯಪತ್ರವೋ ದಾನಪತ್ರವೋ ಸರಿ. ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಅಂದರೆ ‘ನನ್ನ ಹಕ್ಕನ್ನು ಬಿಟ್ಟಿದ್ದೇನೆ’ ಅಂತ ಬರೆದು ಯಾರಿಗೆ ಅಂತ ಬರೆಯದೇ ಇರುವುದು. ಮೂವರು ಅಣ್ಣತಮ್ಮಂದಿರಿದ್ದರೆ ಆ ಪಾಲು ಒಬ್ಬರಿಗಾ, ಮೂವರಿಗೂ ಸಮನಾಗಿಯಾ? ಪತ್ರದಲ್ಲೇ ಇರಬೇಕು.

ವಿಭಾಗ ಪತ್ರದಲ್ಲಿ ಕೊಡುವವರು ಪಡೆಯುವವರು ಅಂತ ಬೇರೆಬೇರೆ ಇಲ್ಲ. ಎಲ್ಲರೂ ಕೊಡುತ್ತಾರೆ, ಎಲ್ಲರೂ ಪಡೆಯುತ್ತಾರೆ. ಹಾಗಾಗಿ ‘ಒಂದನೇ ಪಾಲುದಾರರು’, ‘ಎರಡನೇ ಪಾಲುದಾರರು’ ಅಂತ ಹೋಗಿ, ಕೊನೆಗೆ ಎ, ಬಿ, ಸಿ ಷೆಡ್ಯೂಲ್‌ಗಳು. ಹೆಸರಿಗೂ ಷೆಡ್ಯೂಲಿಗೂ ಹೊಂದಿಸಿ ನೋಡಿ. ಮನೆಯ ಹೆಣ್ಣುಮಕ್ಕಳ ಹೆಸರು ಇದೆಯಾ ನೋಡಿ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಮಗಳಿಗೆ ಮಗನಷ್ಟೇ ಹುಟ್ಟಿನಿಂದ ಬಂದ ಹಕ್ಕು ಕೊಟ್ಟಿದೆ. ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ಸರಿಯಾಗಿ ಆಗಿಹೋದ ಮಾರಾಟ, ನೋಂದಾಯಿತ ವಿಭಾಗಗಳಿಗೆ ಇದು ತಾಗುವುದಿಲ್ಲ. ಹೆಣ್ಣುಮಕ್ಕಳನ್ನು ಬಿಟ್ಟು ಬರೆದ ವಿಭಾಗ ಪತ್ರ ಹಿಡಿದು ಯಾರಾದರೂ ಆಸ್ತಿ ಮಾರಲು ಬಂದರೆ, ಬೆಲೆ ಎಷ್ಟೇ ಕಡಿಮೆ ಇರಲಿ, ವಂಶವೃಕ್ಷ ತರಿಸಿ ನೋಡಿ.

ಭೋಗ್ಯದ ವಿಷಯ ವಿಚಿತ್ರ. ಊರಲ್ಲಿ ಮನೆ ‘ಲೀಸ್‌ಗೆ’ ಹಾಕಿಕೊಳ್ಳುತ್ತೇವಲ್ಲ, ದೊಡ್ಡ ಮೊತ್ತ ಕೊಟ್ಟು, ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಪೂರ್ತಿ ಹಣ ವಾಪಸ್? ಬಾಯಲ್ಲಿ ಲೀಸ್ ಅಂದರೂ ಅದರ ಮೈಕಟ್ಟು ಅಡಮಾನದ್ದು. ಮಾಲೀಕರು ಸಾಲ ಪಡೆದವರು, ಮನೆಯಲ್ಲಿ ಇರುವವರು ಸಾಲ ಕೊಟ್ಟವರು, ಬಡ್ಡಿಯ ಬದಲು ವಾಸ. ಪತ್ರ ಭೋಗ್ಯ ಅಂತ ಆದರೆ ನೀವು ಭೋಗ್ಯದಾರರು, ನಿಮ್ಮ ಹಣಕ್ಕೆ ಮನೆಯೇ ಆಧಾರ. ಲೀಸ್ ಅಂತ ಆದರೆ ನೀವು ಗುತ್ತಿಗೆದಾರರು, ಹಣ ಬರೀ ಠೇವಣಿ. ಮಾಲೀಕರು ಆಮೇಲೆ ಸಾಲದಲ್ಲಿ ಮುಳುಗಿದರೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಅರ್ಥವಾಗುತ್ತದೆ. ಭೋಗ್ಯ ಕಾನೂನಿನಲ್ಲಿ ಊರ್ಜಿತವಾಗಬೇಕಾದರೆ ನೋಂದಣಿ ಬೇಕು. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಗುತ್ತಿಗೆಗೂ ಬೇಕು. 11 ತಿಂಗಳ ಕರಾರು ಎಲ್ಲಿಂದ ಬಂತು ಅಂತ ಕೇಳುವವರಿಗೆ ಉತ್ತರ ಅಲ್ಲೇ ಇದೆ.

ವಿನಿಮಯ ಪತ್ರದಲ್ಲಿ ಇಬ್ಬರೂ ತಾವು ಕೊಟ್ಟ ಆಸ್ತಿಯ ಮಟ್ಟಿಗೆ ಮಾರಿದವರು, ಪಡೆದದ್ದರ ಮಟ್ಟಿಗೆ ಕೊಂಡವರು. ಅಷ್ಟೇ.

4. ಸೈನ್ ಹಾಕುವ ಕೈ ಯಾರದ್ದು?

ಪತ್ರದಲ್ಲಿ ಮಾರುವವರು ಒಬ್ಬರು, ಸೈನ್ ಹಾಕುವವರು ಇನ್ನೊಬ್ಬರು ಆಗಿರಬಹುದು. ಆಗ ‘ಇವರ ಪರವಾಗಿ’ ಅನ್ನುವ ಮಾತಿನ ಹಿಂದೆ ಹೋಗಬೇಕು.

ಜಿಪಿಎ ಹೋಲ್ಡರ್ ಮಾಲೀಕರಲ್ಲ, ಮಾಲೀಕರ ಕೈ ಮಾತ್ರ. ಜಿಪಿಎ, ಕರಾರು, ವಿಲ್ ಮೂರನ್ನೂ ಸೇರಿಸಿ ‘ಇದೇ ಮಾರಾಟ’ ಅನ್ನುವ ರೂಢಿ ಬಹಳ ಕಾಲ ಇತ್ತು. ಅದರಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಚಿತವಾಗಿ ಹೇಳಿತು. ಜಿಪಿಎ ಮೂಲಕ ಕ್ರಯಪತ್ರ ಆಗುತ್ತಿದ್ದರೆ ಮೂರು ಕೇಳಿ. ಜಿಪಿಎಯಲ್ಲಿ ‘ಮಾರಲು’ ಅಧಿಕಾರ ಅಂತ ಇದೆಯಾ, ಅಥವಾ ಬರೀ ನೋಡಿಕೊಳ್ಳಲು, ಕಂದಾಯ ಕಟ್ಟಲು ಅಂತ ಇದೆಯಾ? ಅದನ್ನು ರದ್ದು ಮಾಡಿದ್ದಾರಾ? ಬರೆದುಕೊಟ್ಟವರು ಇವತ್ತು ಬದುಕಿದ್ದಾರಾ? ಸಾಮಾನ್ಯವಾಗಿ ಅವರು ಹೋದ ಕ್ಷಣ ಜಿಪಿಎ ಕೂಡ ಹೋಯಿತು. ವಿಡಿಯೊ ಕಾಲ್ ಮಾಡಿಸಿ ಮಾತಾಡಿ. ತಮಾಷೆಗೆ ಹೇಳುತ್ತಿಲ್ಲ.

ಅಪ್ರಾಪ್ತ ವಯಸ್ಸಿನವರು ಪಡೆಯುವವರಾಗಿ ಇರಬಹುದು, ಅವರ ಪರವಾಗಿ ಪೋಷಕರು ಸೈನ್ ಹಾಕುತ್ತಾರೆ. ಆದರೆ ಮೈನರ್ ತಾನೇ ಮಾರುವಂತಿಲ್ಲ. ಹಿಂದೂ ಕುಟುಂಬದಲ್ಲಿ ಮಗುವಿನ ಸ್ವಂತ ಹೆಸರಿನಲ್ಲಿರುವ ಸ್ಥಿರಾಸ್ತಿಯನ್ನು ಅಪ್ಪ ಅಮ್ಮ ಮಾರಬೇಕಾದರೂ 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯ ಪ್ರಕಾರ ಕೋರ್ಟಿನ ಅನುಮತಿ ಬೇಕು. ಅನುಮತಿ ಇಲ್ಲದೆ ಮಾರಿದ್ದನ್ನು ಮಗು ದೊಡ್ಡದಾದ ಮೇಲೆ ರದ್ದು ಮಾಡಿಸಬಹುದು. ‘ಮೈನರ್ ಗಾರ್ಡಿಯನ್ ತಂದೆ’ ಅನ್ನುವ ಮೂರು ಪದ ಮಾರುವವರ ಕಡೆ ಕಂಡರೆ ಕೋರ್ಟ್ ಆದೇಶದ ನಕಲು ಕೇಳಿ.

ಕುಟುಂಬದ ಯಜಮಾನ ಅಂದರೆ ಕರ್ತಾ, ಅವಿಭಕ್ತ ಕುಟುಂಬದ ಪರವಾಗಿ ಮಾರಬಹುದು, ಆದರೆ ಕುಟುಂಬದ ಅಗತ್ಯಕ್ಕೆ ಅಥವಾ ಆಸ್ತಿಯ ಹಿತಕ್ಕೆ ಮಾತ್ರ. ಮಗಳ ಮದುವೆ, ಸಾಲ ತೀರಿಸುವುದು ಅಂತ ಪತ್ರದಲ್ಲಿ ಕಾರಣ ಬರೆಯುವುದು ಅದಕ್ಕೇ. ಕಂಪನಿಯಾದರೆ ಬೋರ್ಡ್ ನಿರ್ಣಯ, ಪಾಲುದಾರಿಕೆ ಸಂಸ್ಥೆಯಾದರೆ ಪಾಲುದಾರರ ಅಧಿಕಾರ ಪತ್ರ, ಟ್ರಸ್ಟ್ ಆದರೆ ಮಾರಲು ಟ್ರಸ್ಟಿಗಳಿಗೆ ಅಧಿಕಾರ ಇದೆಯಾ ಅನ್ನುವುದು, ನೋಡಬೇಕು.

ಅಪಾರ್ಟ್‌ಮೆಂಟ್ ಕೊಳ್ಳುವವರಿಗೆ ಇದೆಲ್ಲ ಒಂದೇ ಪತ್ರದಲ್ಲಿ ಸಿಗುತ್ತದೆ. ಜಂಟಿ ಅಭಿವೃದ್ಧಿ ಒಪ್ಪಂದದ ಮೇಲೆ ಕಟ್ಟಿದ ಕಟ್ಟಡವಾದರೆ ಜಮೀನಿನ ಮಾಲೀಕರು ‘ವೆಂಡರ್’, ಕಟ್ಟಿದವರು ‘ಡೆವಲಪರ್’ ಅಥವಾ ‘ಕನ್ಫರ್ಮಿಂಗ್ ಪಾರ್ಟಿ’, ನೀವು ‘ಪರ್ಚೇಸರ್’. ಮಾಲೀಕರು ಎಷ್ಟೋ ಸಲ ಬರುವುದೇ ಇಲ್ಲ. ಅವರ ಜಿಪಿಎ ಹಿಡಿದು ಬಿಲ್ಡರ್ ಕಡೆಯವರೇ ಎರಡು ಜಾಗದಲ್ಲೂ ಸೈನ್ ಹಾಕುತ್ತಾರೆ. ಇದರಲ್ಲಿ ತಪ್ಪೇನಿಲ್ಲ, ಆದರೆ ನೀವು ಕೊಳ್ಳುತ್ತಿರುವ ಫ್ಲ್ಯಾಟ್ ಮಾಲೀಕರ ಪಾಲಿನದಾ ಬಿಲ್ಡರ್ ಪಾಲಿನದಾ ಅಂತ ಹಂಚಿಕೆ ಒಪ್ಪಂದದಲ್ಲಿ ನೋಡಬೇಕು. ರಿಯಲ್ ಎಸ್ಟೇಟ್ ನಿಯಂತ್ರಿಸುವ 2016ರ ರೇರಾ ಕಾಯ್ದೆಯಲ್ಲಿ ನಿಮ್ಮ ಹೆಸರು ‘ಅಲಾಟಿ’, ಕಟ್ಟುವವರದ್ದು ‘ಪ್ರವರ್ತಕರು’. ಮಾರಾಟದ ಕರಾರನ್ನು ನೋಂದಾಯಿಸುವ ಮುಂಚೆ ಅವರು ನಿಮ್ಮಿಂದ ಬೆಲೆಯ 10% ಗಿಂತ ಜಾಸ್ತಿ ಪಡೆಯುವಂತಿಲ್ಲ.

5. ಬದಿಯಲ್ಲಿ ಸೈನ್ ಹಾಕುವವರು

ಇಲ್ಲೇ ನಾವು ಎಡವಿದ್ದು. ಕೊನೆಯ ಪುಟದಲ್ಲಿ ಸೈನ್ ಹಾಕುವ ಎಲ್ಲರನ್ನೂ ‘ಸಾಕ್ಷಿ’ ಅಂತ ಒಟ್ಟಿಗೆ ಕರೆದುಬಿಡುತ್ತೇವೆ. ಆದರೆ ಅವರಲ್ಲಿ ಬೇರೆಬೇರೆ ತರಹದವರಿದ್ದಾರೆ.

ಬರೀ ಸಾಕ್ಷಿ ಅಂದರೆ ಬರೆದುಕೊಡುವವರು ಸೈನ್ ಹಾಕಿದ್ದನ್ನು ಕಂಡವರು. ಪತ್ರದ ಒಳಗೆ ಏನಿದೆ ಅಂತ ಅವರಿಗೆ ಗೊತ್ತಿರಲೇಬೇಕು ಅಂತಿಲ್ಲ, ಸಾಕ್ಷಿ ಹಾಕಿದ್ದರಿಂದಲೇ ಒಪ್ಪಿದ ಹಾಗೂ ಅಲ್ಲ. ಕ್ರಯಪತ್ರಕ್ಕೆ ಸಾಕ್ಷಿ ಕಡ್ಡಾಯ ಅಂತ ಕಾಯ್ದೆ ಹೇಳುವುದಿಲ್ಲ, ಆದರೂ ಇಬ್ಬರ ಸಾಕ್ಷಿ ಹಾಕಿಸುವುದು ರೂಢಿ, ಒಳ್ಳೆಯದೇ. ಗುರುತಿಸುವವರು ಬೇರೆ. ನೋಂದಣಿ ಅಧಿಕಾರಿಯ ಮುಂದೆ ‘ಇವರು ಇವರೇ’ ಅಂತ ಹೇಳುವವರು ಅವರು. ‘ಬಿಕ್ಕಲಂ’ ಅಂತ ಹಳೆಯ ಪತ್ರದ ಕೊನೆಯಲ್ಲಿ ಇದ್ದರೆ ಅದು ಪತ್ರ ಬರೆದ ಕೈಯ ಹೆಸರು, ಆಸ್ತಿಗೂ ಅವರಿಗೂ ಸಂಬಂಧವಿಲ್ಲ.

ಸಮ್ಮತಿ ಸಾಕ್ಷಿ ಇವರೆಲ್ಲರಿಗಿಂತ ಒಂದು ಮೆಟ್ಟಿಲು ಮೇಲೆ. ‘ಈ ಮಾರಾಟಕ್ಕೆ ನನ್ನ ತಕರಾರಿಲ್ಲ’ ಅಂತ ಹೇಳಿದವರು. ಆಮೇಲೆ ಅವರೇ ದಾವಾ ಹಾಕಿದರೆ ಆ ಸೈನ್ ತೋರಿಸಬಹುದು, ನಿಜ. ಆದರೆ ತಕರಾರಿಲ್ಲ ಅನ್ನುವುದು ಬೇರೆ, ಪಾಲು ಕೊಟ್ಟೆ ಅನ್ನುವುದು ಬೇರೆ. ಅಕ್ಕ ಏನನ್ನೂ ಬರೆದುಕೊಟ್ಟಿರಲಿಲ್ಲ. ಕೊಟ್ಟವರ ಸಾಲಿನಲ್ಲಿ ಆಕೆ ಇರಲೇ ಇಲ್ಲ. ನನ್ನ ಪ್ರಕಾರ ನಿಯಮ ಸರಳ. ಪಾಲು ಇರಬಹುದು ಅಂತ ಸಣ್ಣ ಅನುಮಾನ ಇದ್ದರೂ ಅವರನ್ನು ಮಾರುವವರ ಸಾಲಿನಲ್ಲೇ ಕೂರಿಸಿ. ಹಣ ಯಾರು ಹಂಚಿಕೊಂಡರೂ ಅದು ಅವರ ಮನೆ ವಿಷಯ. ಖಂಡಿತ ಪಾಲಿಲ್ಲ, ಸ್ವಂತ ಆಸ್ತಿ ಮಾರುತ್ತಿರುವವರ ಹೆಂಡತಿ ಮಕ್ಕಳು ಮುಂದೆ ರಗಳೆ ಮಾಡಬಾರದು ಅಷ್ಟೇ ಅನ್ನುವಂಥ ಕಡೆ ಸಮ್ಮತಿ ಸಾಕ್ಷಿ ಸಾಕು.

ದೃಢೀಕರಿಸುವ ಪಾರ್ಟಿ, ಅಂದರೆ ಕನ್ಫರ್ಮಿಂಗ್ ಪಾರ್ಟಿ, ಸಾಮಾನ್ಯವಾಗಿ ಆಸ್ತಿಯಲ್ಲಿ ಏನೋ ಒಂದು ಎಳೆ ಇರುವವರು. ಉದಾಹರಣೆಗೆ ನಿಮಗಿಂತ ಮುಂಚೆ ಕರಾರು ಮಾಡಿಕೊಂಡು ಅಡ್ವಾನ್ಸ್ ಕೊಟ್ಟವರು. ಅವರನ್ನು ಸೇರಿಸಿ, ಅವರ ಹಣ ವಾಪಸ್ ಬಂದಿದೆ, ಹಳೆಯ ಕರಾರು ಮುಗಿದಿದೆ ಅಂತ ಪತ್ರದ ಒಳಗೇ ಬರೆಸಿ.

6. ನಿನ್ನೆ ಪಡೆದವರೇ ಇವತ್ತು ಕೊಡುವವರಾ?

ಈಗ ಋಣಭಾರ ಪತ್ರ, ಅಂದರೆ ಇಸಿ ತೆಗೆಯಿರಿ. ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ ಅದು. ಕರ್ನಾಟಕದಲ್ಲಿ ವ್ಯವಹಾರಗಳಿದ್ದರೆ ಫಾರಂ 15, ಏನೂ ಇಲ್ಲದಿದ್ದರೆ ಫಾರಂ 16. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು. ಫಾರಂ 15ರಲ್ಲಿ ಬರೆದುಕೊಟ್ಟವರು ಒಂದು ಕಡೆ, ಬರೆಸಿಕೊಂಡವರು ಒಂದು ಕಡೆ. ಬರೆದುಕೊಟ್ಟವರು ಎಡಗಡೆ, ಬರೆಸಿಕೊಂಡವರು ಬಲಗಡೆ ಅಂತ ಇಟ್ಟುಕೊಳ್ಳೋಣ. ಹೀಗೊಂದು ಇಸಿ ಇದೆ ಅಂದುಕೊಳ್ಳಿ.

2009, ಕ್ರಯ. ಬರೆದುಕೊಟ್ಟವರು ಹಳೆಯ ಮಾಲೀಕರು, ಬರೆಸಿಕೊಂಡವರು ಈಗಿನ ಮಾಲೀಕರು. 2012, ಅಡಮಾನ. ಬರೆದುಕೊಟ್ಟವರು ಈಗಿನ ಮಾಲೀಕರು, ಬರೆಸಿಕೊಂಡವರು ಬ್ಯಾಂಕ್. 2021, ಋಣಮುಕ್ತಿ. ಬರೆದುಕೊಟ್ಟವರು ಬ್ಯಾಂಕ್, ಬರೆಸಿಕೊಂಡವರು ಈಗಿನ ಮಾಲೀಕರು.

ಬಲಗಡೆ ಬಂದ ಹೆಸರು ಮುಂದಿನ ಸಾಲಿನಲ್ಲಿ ಎಡಗಡೆ ಬರಬೇಕು. ಹೀಗೆ ಹೆಣೆದುಕೊಂಡು ಬಂದರೆ ಸರಪಳಿ ಸರಿ ಇದೆ. ಎಡಗಡೆ ಇದ್ದಕ್ಕಿದ್ದಂತೆ ಹೊಸ ಹೆಸರು ಬಂದರೆ, ಇವರಿಗೆ ಎಲ್ಲಿಂದ ಬಂತು ಅಂತ ಕೇಳಿ. ತಂದೆ ತೀರಿಕೊಂಡು ಮಕ್ಕಳಿಗೆ ಬಂದಿರಬಹುದು. ವಾರಸಿನಿಂದ ಬಂದದ್ದು ಇಸಿಯಲ್ಲಿ ಕಾಣುವುದಿಲ್ಲ. ಆಗ ಮರಣ ಪತ್ರ, ವಂಶವೃಕ್ಷ ಇಟ್ಟುಕೊಂಡು ಸರಪಳಿ ಜೋಡಿಸಬೇಕು. 2012ರ ಅಡಮಾನದ ಸಾಲು ಇದ್ದು 2021ರ ಸಾಲು ಇಲ್ಲದಿದ್ದರೆ, ಸಾಲ ತೀರಿದೆ ಅಂತ ಮಾಲೀಕರು ಎಷ್ಟೇ ಆಣೆ ಮಾಡಲಿ, ಬ್ಯಾಂಕ್ ಇನ್ನೂ ಆಸ್ತಿಯ ಮೇಲೆ ಕೂತಿದೆ ಅಂತಲೇ ತಿಳಿಯಿರಿ.

ಖಾತೆದಾರರು ಅನ್ನುವ ಪದವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಖಾತೆ ಇರುವುದು ಕಂದಾಯ ಯಾರಿಂದ ವಸೂಲಿ ಮಾಡಬೇಕು ಅನ್ನುವುದಕ್ಕೆ. ಖಾತೆಯಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ಮಾಲೀಕರಾಗುವುದಿಲ್ಲ.

ಹೆಸರಿನ ಅಕ್ಷರವನ್ನು ಹಿಂದಿನ ಪತ್ರದ ಜೊತೆ ಹೊಂದಿಸಿ ನೋಡಿ, ಬರೀ ಆಧಾರ್ ಜೊತೆ ಅಲ್ಲ. ಹಳೆಯ ಪತ್ರದಲ್ಲಿ ಮನೆಯಲ್ಲಿ ಕರೆಯುವ ಹೆಸರು, ಆಧಾರ್‌ನಲ್ಲಿ ಶಾಲೆಯ ಹೆಸರು ಇರುತ್ತದೆ. ಎರಡನ್ನೂ ‘ಉರುಫ್’ ಹಾಕಿ ಬರೆಸಿ, ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ.

7. ಹೆಸರಿನ ಬಾಲಕ್ಕೆ ಅಂಟಿದ ಸಾಲು

ಪಾರ್ಟಿಗಳ ಹೆಸರು ಮುಗಿದ ತಕ್ಷಣ ಒಂದು ಉದ್ದ ಸಾಲು ಬರುತ್ತದೆ: ‘ಖರೀದಿದಾರರು ಎಂಬ ಪದವು ಅವರ ವಾರಸುದಾರರು, ಉತ್ತರಾಧಿಕಾರಿಗಳು, ಪ್ರತಿನಿಧಿಗಳನ್ನು ಒಳಗೊಂಡಿರುತ್ತದೆ’. ಸುಮ್ನೆ ತುಂಬಿಸಿದ್ದು ಅಂದುಕೊಳ್ಳಬೇಡಿ. ಮಾರಿದವರು ನಾಳೆ ತೀರಿಕೊಂಡರೂ ಅವರ ಮಾತು ಅವರ ಮಕ್ಕಳನ್ನು ಕಟ್ಟಿಹಾಕಬೇಕು, ಅದಕ್ಕೆ ಈ ಸಾಲು. ಇದು ಎರಡೂ ಕಡೆಯವರಿಗೆ ಇದೆಯಾ ನೋಡಿ. ಖರ್ಚಿನ ಸಾಲನ್ನೂ ನೋಡಿ. ಬೇರೆ ಮಾತು ಬರೆಯದಿದ್ದರೆ ಕ್ರಯಪತ್ರದ ಮುದ್ರಾಂಕ ಶುಲ್ಕ ಕೊಳ್ಳುವವರದ್ದು. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿಯಾದರೆ, ಮಾರುವವರು ಭಾರತದ ನಿವಾಸಿಯಾಗಿದ್ದಲ್ಲಿ, 1% ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟಬೇಕಾದವರೂ ಕೊಳ್ಳುವವರೇ. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ಲೆಕ್ಕವೇ ಬೇರೆ, ಆಡಿಟರ್ ಹತ್ತಿರ ಹೋಗಿ.

8. ತಪ್ಪು ಜಾಗದಲ್ಲಿ ಕೂತಿದ್ದರೆ

ಸೈನ್ ಹಾಕುವ ಮುಂಚೆ ಕಂಡರೆ ಪುಣ್ಯ, ಕರಡು ತಿದ್ದಿಸಿ. ಸೈನ್ ಆದ ದಿನದಿಂದ ನೋಂದಣಿಗೆ ಹಾಜರುಪಡಿಸಲು ನಾಲ್ಕು ತಿಂಗಳ ಕಾಲಾವಕಾಶ ನೋಂದಣಿ ಕಾಯ್ದೆಯಲ್ಲೇ ಇದೆ. ‘ಇವತ್ತೇ ಆಗಬೇಕು’ ಅನ್ನುವ ಅವಸರ ಏಜೆಂಟರದ್ದು, ಕಾನೂನಿನದ್ದಲ್ಲ.

ನೋಂದಣಿ ಆಗಿಹೋಗಿದ್ದರೆ ಎರಡು ದಾರಿ. ಅಕ್ಷರ, ತಂದೆಯ ಹೆಸರು, ನಂಬರ್ ಇಂಥ ತಪ್ಪಾದರೆ ತಿದ್ದುಪಡಿ ಪತ್ರ. ಮೂಲ ಪತ್ರದ ಪಾರ್ಟಿಗಳೇ ಬಂದು ಸೈನ್ ಹಾಕಬೇಕು, ನೀವೊಬ್ಬರೇ ಮಾಡಿಕೊಳ್ಳಲು ಬರುವುದಿಲ್ಲ. ಹಕ್ಕಿದ್ದವರೇ ಕೊಡುವವರ ಸಾಲಿನಿಂದ ಬಿಟ್ಟುಹೋಗಿದ್ದರೆ ತಿದ್ದುಪಡಿ ಸಾಲದು. ಅವರಿಂದಲೇ ಹೊಸದಾಗಿ ದೃಢೀಕರಣ ಪತ್ರವೋ (ಮುಂಚಿನ ಮಾರಾಟವನ್ನು ಒಪ್ಪಿ ಖಚಿತಪಡಿಸುವ ಪತ್ರ), ಅವರ ಪಾಲಿನ ಮಟ್ಟಿಗೆ ಕ್ರಯಪತ್ರವೋ ಬೇಕು. ಯಾವುದು ಸರಿ ಅಂತ ನಿಮ್ಮ ಪತ್ರ ನೋಡಿ ವಕೀಲರೇ ಹೇಳಬೇಕು, ಮುದ್ರಾಂಕ ಶುಲ್ಕವೂ ಅದರ ಮೇಲೆ ಹೋಗುತ್ತದೆ.

ನಮಗೆ ವಕೀಲರು ಹೇಳಿದ್ದು ದೃಢೀಕರಣ ಪತ್ರ. ಅಪ್ಪನೂ ನಾನೂ ಆ ಅಕ್ಕನನ್ನು ಹುಡುಕಿಕೊಂಡು ಹೋದೆವು. ಆಕೆಗೆ ಆಗಲೇ ಎಪ್ಪತ್ತು ದಾಟಿತ್ತು. ‘ಅವತ್ತೇ ಸೈನ್ ಹಾಕಿದ್ದೆನಲ್ಲಪ್ಪಾ’ ಅಂದರು. ‘ಹೌದಮ್ಮ, ಆದರೆ ಸಾಕ್ಷಿ ಅಂತ ಹಾಕಿದ್ದಿರಿ’ ಅಂದರು ಅಪ್ಪ. ಆಕೆ ಕನ್ನಡಕ ತರಿಸಿಕೊಂಡು ಹಳೆಯ ಪತ್ರದ ಕೊನೆಯ ಪುಟ ಓದಿದರು. ಆಮೇಲೆ ನಾವು ಒಯ್ದಿದ್ದ ಕರಡಿನ ಮೊದಲ ಪುಟ ತೆಗೆದು, ‘ಬರೆದುಕೊಡುವವರು’ ಅನ್ನುವ ಪದದ ಎದುರು ತಮ್ಮ ಹೆಸರು ಇರುವುದನ್ನು ನೋಡಿ, ಮಗನನ್ನು ಕರೆದು ಯಾವ ದಿನ ಕಚೇರಿಗೆ ಹೋಗಬಹುದು ಅಂತ ಕೇಳಿದರು.